ಐಸ್ ಮೇಕರ್ ಕೆಟ್ಟಾಗ ಯಾರನ್ನು ಕರೆಯಬೇಕು?

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಮ್ಮಲ್ಲಿ ಮೇಜಿನ ಮೇಲಿಡುವ ಸಣ್ಣ ಐಸ್ ಮೇಕರ್ ಇದೆ. ಕೊಂಡು ಎರಡು ವರ್ಷ ಕಳೆದಿದ್ದು, ವಾರಂಟಿ ಮುಗಿದಿದೆ. ಮೊದಲೆಲ್ಲ ಎಂಟು ಹತ್ತು ನಿಮಿಷಕ್ಕೊಮ್ಮೆ ಒಂಬತ್ತು ಗಟ್ಟಿ ತುಂಡುಗಳನ್ನು ಉದುರಿಸುತ್ತಿದ್ದ ಯಂತ್ರ ಈಗ ಅಷ್ಟೇ ಹೊತ್ತು ಸದ್ದು ಮಾಡಿ ತೆಳ್ಳಗಿನ ಚಿಪ್ಪುಗಳನ್ನು ಬುಟ್ಟಿಗೆ ಹಾಕುತ್ತದೆ. ಕೈಗೆತ್ತಿಕೊಳ್ಳುವಷ್ಟರಲ್ಲಿ ಅವು ಕರಗಿರುತ್ತವೆ. ನಮ್ಮ ಭಾಗದಲ್ಲಿ ಸೇವಾ ಕೇಂದ್ರವಿಲ್ಲವೆಂದು ತಯಾರಕರ ಸಹಾಯವಾಣಿಯವರು ಹೇಳಿದರು. ಹತ್ತಿರದ ಮೂವರು ಫ್ರಿಜ್ ಮೆಕ್ಯಾನಿಕ್‌ಗಳನ್ನು ಕೇಳಿದೆ. ಇಬ್ಬರು "ಐಸ್ ಮೇಕರ್ ನಮ್ಮ ಕೆಲಸವಲ್ಲ" ಎಂದರು; ಮೂರನೆಯವರು ಯಂತ್ರವನ್ನು ನೋಡದೆಯೇ "ಗ್ಯಾಸ್ ಹೋಗಿದೆ, ತುಂಬಿಸಬೇಕು" ಎಂದುಬಿಟ್ಟರು. ಇದನ್ನು ಸರಿಪಡಿಸುವವರನ್ನು ಹತ್ತಿರದಲ್ಲೇ ಹುಡುಕುವುದು ಹೇಗೆ? ಅಥವಾ ಇದನ್ನು ಬಿಟ್ಟು ಹೊಸದನ್ನು ಕೊಳ್ಳುವುದೇ ಮೇಲೆ?

ಉತ್ತರ: ಹೊಸದನ್ನು ಕೊಳ್ಳುವ ಮಾತು ಸದ್ಯಕ್ಕೆ ಬೇಡ. ನಿಮಗೆ ಜನ ಸಿಗದಿರುವುದಕ್ಕೆ ಮುಖ್ಯ ಕಾರಣ ನೀವು ಹುಡುಕುತ್ತಿರುವ ಹೆಸರು. "ಐಸ್ ಮೇಕರ್ ರಿಪೇರಿ" ಎಂದು ಫಲಕ ಹಾಕಿಕೊಂಡವರು ವಿರಳ, ಏಕೆಂದರೆ ಆ ಒಂದೇ ಕೆಲಸವನ್ನು ನಂಬಿ ಬದುಕುವಷ್ಟು ಯಂತ್ರಗಳು ಮನೆಗಳಲ್ಲಿ ಇರುವುದಿಲ್ಲ. ಆದರೆ ಆ ಪುಟ್ಟ ಪೆಟ್ಟಿಗೆಯಲ್ಲಿ ನೀರಿನದು, ತಂಪಿನದು, ವಿದ್ಯುತ್ತಿನದು ಎಂದು ಮೂರು ಕಸುಬುಗಳು ಒಟ್ಟಿಗೆ ಕೂತಿವೆ. ಈ ಮೂರನ್ನೂ ಬೇರೆ ಬೇರೆಯಾಗಿ ಬಲ್ಲವರು ಸುತ್ತಮುತ್ತಲೇ ಇರುತ್ತಾರೆ. ಮೂರರಲ್ಲಿ ಯಾವುದು ಕೈಕೊಟ್ಟಿದೆ ಎಂಬ ಅಂದಾಜು ನಿಮಗೆ ಮೊದಲೇ ಇದ್ದರೆ, ಯಾರನ್ನು ಕರೆಯಬೇಕೆಂಬ ಪ್ರಶ್ನೆ ಮುಕ್ಕಾಲು ಪಾಲು ಬಗೆಹರಿದಂತೆಯೇ.

"ನಮ್ಮ ಕೆಲಸವಲ್ಲ" ಎಂದ ಆ ಇಬ್ಬರನ್ನು ನಾನು ದೂರುವುದಿಲ್ಲ, ಆದರೆ ಅವರ ಮಾತು ಪೂರ್ತಿ ಸರಿಯೂ ಅಲ್ಲ. ಫ್ರಿಜ್, ಎಸಿ, ಐಸ್ ಮೇಕರ್ ಮೂರರಲ್ಲೂ ಇರುವುದು ಒಂದೇ ಚಕ್ರ: ಕಂಪ್ರೆಸರ್ ಅನಿಲವನ್ನು ಒತ್ತುತ್ತದೆ, ಬಿಸಿಯಾದ ಅನಿಲ ಕಂಡೆನ್ಸರ್ ಕಾಯಿಲ್‌ನಲ್ಲಿ ಶಾಖವನ್ನು ಹೊರಗೆ ಬಿಟ್ಟು ದ್ರವವಾಗುತ್ತದೆ, ಕೂದಲೆಳೆಯಂಥ ಸಣ್ಣ ಕೊಳವೆಯನ್ನು ದಾಟಿ ಮತ್ತೆ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. 1834ರಲ್ಲಿ ಜೇಕಬ್ ಪರ್ಕಿನ್ಸ್ ಈ ಚಕ್ರಕ್ಕೆ ಪೇಟೆಂಟ್ ಪಡೆದಾಗ, ಆ ಪೇಟೆಂಟಿನ ಹೆಸರಿನಲ್ಲಿ ಮೊದಲು ಇದ್ದದ್ದೇ ಮಂಜುಗಡ್ಡೆ ತಯಾರಿಕೆ, ದ್ರವಗಳನ್ನು ತಂಪು ಮಾಡುವುದು ಆಮೇಲೆ. ಹಾಗಾಗಿ ಫ್ರಿಜ್ಜನ್ನು ಬಲ್ಲವರಿಗೆ ಐಸ್ ಮೇಕರ್ ಪರಕೀಯವಲ್ಲ. ಅವರು ಹಿಂಜರಿಯುವುದು ಅದರ ನೀರಿನ ಪಂಪು, ತಿರುಗುವ ತಟ್ಟೆ ಮತ್ತು ಸೆನ್ಸರುಗಳನ್ನು ಕಂಡು. ಜೊತೆಗೆ, ಸಣ್ಣ ಯಂತ್ರವೊಂದಕ್ಕಾಗಿ ಮನೆಯವರೆಗೆ ಬಂದು ಹೋದರೆ ಅವರಿಗೆ ಗಿಟ್ಟುವುದಿಲ್ಲ ಎಂಬ ಲೆಕ್ಕವೂ ಇದೆ.

ಯಾರನ್ನಾದರೂ ಕರೆಯುವ ಮೊದಲು ಯಂತ್ರದ ಎದುರು ಕುಳಿತು ಒಂದು ಪೂರ್ತಿ ಸುತ್ತನ್ನು ನೋಡಿ. ಮುಚ್ಚಳದಲ್ಲಿ ಪಾರದರ್ಶಕ ಕಿಂಡಿ ಇದ್ದರೆ ಒಂದು ಟಾರ್ಚ್ ಸಾಕು. ಮೊದಲು ಪಂಪು ತಳದ ತೊಟ್ಟಿಯಿಂದ ನೀರನ್ನು ಎತ್ತಿ ಒಂದು ಚಿಕ್ಕ ತಟ್ಟೆಯನ್ನು ತುಂಬಿಸುತ್ತದೆ. ಮೇಲಿನಿಂದ ಇಳಿಬಿದ್ದ ಒಂಬತ್ತು ಲೋಹದ ಬೆರಳುಗಳು ಆ ನೀರಿನಲ್ಲಿ ಮುಳುಗಿರುತ್ತವೆ. ಅವುಗಳ ಒಳಗೆ ತಣ್ಣನೆಯ ಅನಿಲ ಹರಿಯುವುದರಿಂದ ಹೊರಮೈಯಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ನಿಮ್ಮ ತುಂಡುಗಳ ನಡುವೆ ತೂತು ಇರುವುದು ಈ ಕಾರಣಕ್ಕೆ, ಅದು ದೋಷವಲ್ಲ. ಹೊತ್ತು ತುಂಬಿದಾಗ "ಟಕ್" ಎಂದು ಸೊಲಿನಾಯ್ಡ್ ವಾಲ್ವ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್) ತೆರೆದುಕೊಂಡು, ಕಂಪ್ರೆಸರ್‌ನಿಂದ ಬಂದ ಬಿಸಿ ಅನಿಲವೇ ನೇರವಾಗಿ ಬೆರಳುಗಳಿಗೆ ನುಗ್ಗುತ್ತದೆ, ಅಂಟಿಕೊಂಡಿದ್ದ ತುಂಡುಗಳು ಜಾರುತ್ತವೆ, ತಟ್ಟೆ ವಾಲಿ ಉಳಿದ ನೀರನ್ನು ತೊಟ್ಟಿಗೆ ಹಿಂತಿರುಗಿಸುತ್ತದೆ, ಮತ್ತು ಒಂದು ಸಣ್ಣ ಸಲಿಕೆ ತುಂಡುಗಳನ್ನು ಬುಟ್ಟಿಗೆ ತಳ್ಳುತ್ತದೆ. ಈ ಸುತ್ತನ್ನು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿ, ಸದ್ದೂ ಕೇಳಿಸುವಂತಿರಲಿ. ಯಂತ್ರವನ್ನು ಆಗಷ್ಟೇ ಚಾಲೂ ಮಾಡಿದಾಗ ಮೊದಲ ಒಂದೆರಡು ಸುತ್ತಿನ ತುಂಡುಗಳು ಹೇಗಿದ್ದರೂ ಸಣ್ಣವೇ ಆಗಿರುತ್ತವೆ, ಆದ್ದರಿಂದ ಮೂರನೆಯದೋ ನಾಲ್ಕನೆಯದೋ ಸುತ್ತನ್ನು ಚಿತ್ರಿಸಿಕೊಳ್ಳುವುದು ಒಳ್ಳೆಯದು.

ಈ ನೋಟದಲ್ಲೇ ಬಹಳಷ್ಟು ತಿಳಿಯುತ್ತದೆ. ತಟ್ಟೆ ಅರ್ಧಕ್ಕಿಂತ ಮೇಲೆ ತುಂಬದಿದ್ದರೆ ದೋಷ ನೀರಿನ ಕಡೆಯದು: ಪಂಪಿನ ಬಾಯಲ್ಲಿರುವ ಜಾಲರಿಗೆ ಸುಣ್ಣದ ಚೂರೋ ಎಳೆಯೋ ಸಿಕ್ಕಿರುತ್ತದೆ, ಇಲ್ಲವೇ ಪಂಪು ಸೋತಿರುತ್ತದೆ. ತಟ್ಟೆ ತುಂಬಿದ್ದರೂ ಒಂಬತ್ತೂ ಬೆರಳುಗಳಲ್ಲಿ ಒಂದೇ ಸಮನಾಗಿ ತೆಳ್ಳಗೆ ಕಟ್ಟುತ್ತಿದ್ದರೆ, ಕೋಣೆಯ ಸೆಕೆ, ತುಂಬಿಸಿದ ಬೆಚ್ಚನೆಯ ನೀರು, ಸಣ್ಣ ಗಾತ್ರಕ್ಕೆ ಹೊಂದಿಸಿದ ಗುಂಡಿ ಅಥವಾ ಬದಿಯ ಜಾಲಿಯೊಳಗಿನ ಕಂಡೆನ್ಸರ್ ಮೇಲೆ ಕೂತ ಧೂಳನ್ನು ಮೊದಲು ಅನುಮಾನಿಸಬೇಕು. ಗೋಡೆಗೆ ಒತ್ತಿ ಇಟ್ಟಿದ್ದರೆ ಎಲ್ಲ ಬದಿಗೂ ಒಂದು ಗೇಣು ಜಾಗ ಬಿಟ್ಟು ಒಂದು ದಿನ ನೋಡಿ. ಅದಕ್ಕೆ ಯಾವ ಮೆಕ್ಯಾನಿಕ್ಕೂ ಬೇಕಿಲ್ಲ. ಕೆಲವೇ ಬೆರಳುಗಳಲ್ಲಿ ದಪ್ಪಗೆ ಕಟ್ಟಿ ಉಳಿದವು ಒದ್ದೆಯಾಗಿಯೇ ಉಳಿದರೆ ಮಾತ್ರ ಗ್ಯಾಸ್ ಕಡಿಮೆಯಾಗಿರುವ ಅನುಮಾನಕ್ಕೆ ಬಲ ಬರುತ್ತದೆ. ಕಂಪ್ರೆಸರ್ ಗುಂಯ್ ಎಂದು ಕೆಲವೇ ಸೆಕೆಂಡುಗಳಲ್ಲಿ "ಕಟ್" ಎಂದು ನಿಂತು, ಸ್ವಲ್ಪ ಹೊತ್ತಿಗೆ ಮತ್ತೆ ಹಾಗೆಯೇ ಮಾಡುತ್ತಿದ್ದರೆ ಅದು ಸ್ಟಾರ್ಟ್ ಮಾಡುವ ರಿಲೇಯದೋ ಕಂಪ್ರೆಸರ್‌ನದೋ ತೊಂದರೆ. ಬುಟ್ಟಿ ಬರಿದಾಗಿದ್ದರೂ "ಐಸ್ ತುಂಬಿದೆ" ಎಂಬ ದೀಪ ಉರಿಯುತ್ತಿದ್ದರೆ ಬುಟ್ಟಿಯ ಪಕ್ಕದ ಇನ್‌ಫ್ರಾರೆಡ್ ಸೆನ್ಸರನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಕಿಟಕಿಯ ಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಿ. ಇಷ್ಟರಿಂದಲೇ ಸರಿಹೋದ ಯಂತ್ರಗಳು ಸಾಕಷ್ಟಿವೆ.

ಇನ್ನು ಜನರ ವಿಷಯ. ದೋಷ ತಂಪಿನದೆಂದು ತೋರಿದರೆ ನೀವು ಹೋಗಬೇಕಾದ ಮೊದಲ ಜಾಗ ರಿಪೇರಿ ಅಂಗಡಿಯಲ್ಲ, ಫ್ರಿಜ್ ಮತ್ತು ಎಸಿ ಬಿಡಿಭಾಗಗಳನ್ನು ಮಾರುವ ಅಂಗಡಿ. ಆ ಭಾಗದ ಮೆಕ್ಯಾನಿಕ್‌ಗಳು ತಾಮ್ರದ ಕೊಳವೆ, ಕೊಳವೆಯೊಳಗಿನ ತೇವ ಹೀರುವ ಡ್ರೈಯರ್, ರಿಲೇ, ಗ್ಯಾಸ್ ಕ್ಯಾನ್ ಇವನ್ನೆಲ್ಲ ಕೊಳ್ಳುವುದು ಅಂಥ ಒಂದೆರಡು ಅಂಗಡಿಗಳಲ್ಲೇ. ಪ್ರತಿ ಸಲವೂ ಹೊಸ ಡ್ರೈಯರ್ ಒಯ್ಯುವವರು ಯಾರು, ಗ್ಯಾಸ್ ಕ್ಯಾನನ್ನಷ್ಟೇ ಒಯ್ಯುವವರು ಯಾರು ಎಂಬುದು ಕೌಂಟರಿನಲ್ಲಿ ಕುಳಿತವರಿಗೆ ಗೊತ್ತಿರುತ್ತದೆ. "ಸಣ್ಣ ಕಂಪ್ರೆಸರ್ ಯಂತ್ರವೊಂದಿದೆ, ತೂಕ ಹಾಕಿ ಗ್ಯಾಸ್ ತುಂಬುವವರು ಯಾರಾದರೂ ಇದ್ದಾರೆಯೇ?" ಎಂದು ಅಲ್ಲಿ ಕೇಳಿದರೆ, ಅಂತರಜಾಲದಲ್ಲಿ ಗ್ರಾಹಕರು ಕೊಟ್ಟ ನಕ್ಷತ್ರಗಳಿಗಿಂತ ನಂಬಬಹುದಾದ ಹೆಸರು ಸಿಗುವ ಸಾಧ್ಯತೆ ಹೆಚ್ಚು.

ಎರಡನೆಯ ದಾರಿ ಹೋಟೆಲು, ಆಸ್ಪತ್ರೆ, ಪ್ರಯೋಗಾಲಯಗಳಂಥ ಮಂಜುಗಡ್ಡೆಯಿಲ್ಲದೆ ನಡೆಯದ ಸಂಸ್ಥೆಗಳದು. ಅವರ ದೊಡ್ಡ ಯಂತ್ರಗಳು ಒಂದು ದಿನ ನಿಂತರೂ ಕೆಲಸ ಕೆಡುವುದರಿಂದ ಅವನ್ನು ನೋಡಿಕೊಳ್ಳಲು ಯಾರೋ ಒಬ್ಬರನ್ನು ಗೊತ್ತುಮಾಡಿಕೊಂಡಿರುತ್ತಾರೆ. ನಿರ್ವಹಣಾ ವಿಭಾಗದವರಲ್ಲಿ ವಿನಯದಿಂದ ವಿಚಾರಿಸಿದರೆ ಹೆಸರು ಹೇಳದೆ ಇರುವುದು ಕಡಿಮೆ. ಇಂಥ ತಂತ್ರಜ್ಞರಿಗೆ ಬಿಸಿ ಅನಿಲದ ವಾಲ್ವ್, ನೀರಿನ ಪಂಪು, ಸುಣ್ಣದ ಪದರ ಎಲ್ಲವೂ ದಿನನಿತ್ಯದ ವ್ಯವಹಾರ. ಮನೆಯ ಸಣ್ಣ ಕೆಲಸಕ್ಕೆ ಅವರು ಬರಲು ಒಪ್ಪದಿರಬಹುದು, ಆದರೆ ಯಂತ್ರವನ್ನು ತಮ್ಮ ಕಾರ್ಯಾಗಾರಕ್ಕೆ ತಂದುಕೊಟ್ಟರೆ ಬೇಡವೆನ್ನುವವರು ಕಡಿಮೆ. ಶೈತ್ಯೀಕರಣ ವಿಭಾಗವಿರುವ ತಾಂತ್ರಿಕ ತರಬೇತಿ ಸಂಸ್ಥೆ ಹತ್ತಿರದಲ್ಲಿದ್ದರೆ ಅಲ್ಲಿನ ಬೋಧಕರನ್ನೂ ಕೇಳಬಹುದು. ತಮ್ಮಲ್ಲಿ ಕಲಿತು ಹೋದವರಲ್ಲಿ ಯಾರ ಕೈ ಸ್ವಚ್ಛ ಎಂಬುದು ಅವರಿಗೆ ತಿಳಿದಿರುತ್ತದೆ.

ತಂದುಕೊಡುವುದು ಎಂದೆನಲ್ಲ, ನಿಮ್ಮ ತೊಂದರೆಗೆ ಇದೇ ದೊಡ್ಡ ಪರಿಹಾರವಾಗಬಹುದು. ಮೇಜಿನ ಮೇಲಿನ ಐಸ್ ಮೇಕರ್ ಒಬ್ಬರೇ ಎತ್ತಬಹುದಾದಷ್ಟು ಹಗುರ. ತಳದ ಬಿರಡೆ ತೆಗೆದು ನೀರನ್ನು ಪೂರ್ತಿ ಬಸಿದು, ಯಂತ್ರವನ್ನು ಮಲಗಿಸದೆ ನೆಟ್ಟಗೆ ನಿಲ್ಲಿಸಿಕೊಂಡೇ ಒಯ್ಯಿರಿ. ಮಲಗಿಸಿದರೆ ಕಂಪ್ರೆಸರ್‌ನ ಎಣ್ಣೆ ಕೊಳವೆಗಳಿಗೆ ಸೇರುತ್ತದೆ. ಹಾಗೇನಾದರೂ ಆದಲ್ಲಿ ಕೆಲವು ಗಂಟೆ ಸುಮ್ಮನೆ ನಿಲ್ಲಿಸಿದ ಮೇಲಷ್ಟೇ ಚಾಲೂ ಮಾಡಬೇಕು.

ಫೋನಿನಲ್ಲಿ ಮಾತನಾಡುವಾಗ "ಐಸ್ ಮೇಕರ್ ಕೆಟ್ಟಿದೆ, ಬರುತ್ತೀರಾ?" ಎಂದಷ್ಟೇ ಕೇಳಿದರೆ "ಇಲ್ಲ" ಎಂಬ ಉತ್ತರವೇ ಸುಲಭ. ಬದಲಿಗೆ ಹೀಗೆ ಹೇಳಿ ನೋಡಿ: "ಆರ್600ಎ ಗ್ಯಾಸಿನ ಸಣ್ಣ ಯಂತ್ರ. ಕಂಪ್ರೆಸರ್ ಓಡುತ್ತಿದೆ, ಫ್ಯಾನ್ ತಿರುಗುತ್ತಿದೆ, ತಟ್ಟೆಗೆ ನೀರು ಪೂರ್ತಿ ಬರುತ್ತಿದೆ, ಆದರೆ ಒಂಬತ್ತರಲ್ಲಿ ನಾಲ್ಕು ಬೆರಳುಗಳಲ್ಲಿ ಮಾತ್ರ ಐಸ್ ಕಟ್ಟುತ್ತಿದೆ. ವಿಡಿಯೊ ಇದೆ, ಕಳುಹಿಸುತ್ತೇನೆ. ನೀವು ಹೇಳಿದ ದಿನ ಯಂತ್ರವನ್ನು ನಾನೇ ತರುತ್ತೇನೆ." ಹೀಗೆ ಹೇಳುವವರ ಬಳಿ ಮೆಕ್ಯಾನಿಕ್ ಕಸುಬಿನ ಭಾಷೆಯಲ್ಲೇ ಮಾತನಾಡುತ್ತಾರೆ, ಕೆಲಸ ತಮ್ಮದೋ ಅಲ್ಲವೋ ಎಂಬುದನ್ನೂ ಅಲ್ಲೇ ಹೇಳಿಬಿಡುತ್ತಾರೆ. ಗ್ಯಾಸ್ ಯಾವುದು, ಎಷ್ಟು ಗ್ರಾಂ ಎಂಬುದು ಯಂತ್ರದ ಹಿಂಬದಿಯ ಅಥವಾ ತಳದ ಚೀಟಿಯಲ್ಲಿ ಮಾದರಿ ಸಂಖ್ಯೆಯ ಜೊತೆಗೇ ಮುದ್ರಿತವಾಗಿರುತ್ತದೆ. ಅದರ ಸ್ಪಷ್ಟವಾದ ಚಿತ್ರವೊಂದು ನಿಮ್ಮ ಮೊಬೈಲಿನಲ್ಲಿ ಇರಲಿ.

ಯಾವಾಗ ಕೈಬಿಡಬೇಕು ಎಂದೂ ಕೇಳಿದ್ದೀರಿ. ಪಂಪು, ಫ್ಯಾನ್, ಸೆನ್ಸರ್, ರಿಲೇ, ತಟ್ಟೆಯ ಮೋಟಾರ್ ಇವುಗಳ ಮಟ್ಟಿಗೆ ರಿಪೇರಿ ಮಾಡಿಸುವುದೇ ಸರಿ. ಬೆರಳುಗಳಲ್ಲೇ ತೂತಾಗಿ ಗ್ಯಾಸ್ ಸೋರಿದ್ದರೆ ಅಥವಾ ಕಂಪ್ರೆಸರ್ ಹೋಗಿದ್ದರೆ, ಈ ಸಣ್ಣ ಯಂತ್ರಗಳ ಮಟ್ಟಿಗೆ ನಾನು ದುರಸ್ತಿಗೆ ಹಣ ಹಾಕುವುದಿಲ್ಲ. ಆಗಲೂ ಕೊಳವೆ ಕತ್ತರಿಸಿ ಗುಜರಿಗೆ ಹಾಕದೆ, ವಿದ್ಯುನ್ಮಾನ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಇಡಿಯಾಗಿ ಒಪ್ಪಿಸಿ.

ಪ್ರಶ್ನೆ: ನಮ್ಮದು ಫ್ರಿಜ್ಜಿನೊಳಗೇ ಇರುವ ಐಸ್ ಮೇಕರ್. ನಲ್ಲಿಯ ನೀರಿನ ಸಂಪರ್ಕವನ್ನು ಅದಕ್ಕೇ ಕೊಟ್ಟಿದ್ದೇವೆ. ಫ್ರಿಜ್ಜೂ ಫ್ರೀಜರೂ ಚೆನ್ನಾಗಿ ತಣ್ಣಗಿವೆ, ಆದರೆ ತಿಂಗಳಿನಿಂದ ಒಂದು ತುಂಡೂ ಬಿದ್ದಿಲ್ಲ. ಬಂದು ನೋಡಿದವರು ಇಡೀ ಐಸ್ ಮೇಕರ್ ಘಟಕವನ್ನು ಬದಲಾಯಿಸಬೇಕೆನ್ನುತ್ತಾರೆ. ಬೇರೆ ಯಾರನ್ನು ಕೇಳಬಹುದು?

ಉತ್ತರ: ಫ್ರೀಜರ್ ಚೆನ್ನಾಗಿ ತಣ್ಣಗಿದೆ ಎಂದಮೇಲೆ ತಂಪಿನ ಕಸುಬು ಬಹುಮಟ್ಟಿಗೆ ಪಾರಾಯಿತು. ಉಳಿದದ್ದು ನೀರು ಮತ್ತು ವಿದ್ಯುತ್ತು. ನೀವು ಮೊದಲು ಕರೆಯಬೇಕಾದದ್ದು ಪ್ಲಂಬರ್ ಅಥವಾ ನೀರು ಶುದ್ಧೀಕರಣ ಯಂತ್ರಗಳನ್ನು ಕೂರಿಸುವವರನ್ನು. ಸಣ್ಣ ಕೊಳವೆ, ಫಿಲ್ಟರ್, ಸೊಲಿನಾಯ್ಡ್ ವಾಲ್ವ್ ಇವು ಅವರ ಕೈಗೆ ದಿನವೂ ಬರುವ ವಸ್ತುಗಳು.

ಅವರಿಗಿಂತ ಮೊದಲು ನೀವೇ ನೋಡಬಹುದಾದವು ನಾಲ್ಕಾರಿವೆ. ಐಸ್ ಪೆಟ್ಟಿಗೆಯ ಪಕ್ಕದಲ್ಲಿ ಒಂದು ತಂತಿಯ ತೋಳಿದ್ದರೆ ಅದು ಕೆಳಗಿರಬೇಕು. ಮೇಲಕ್ಕೆ ಎತ್ತಿದ್ದರೆ ಯಂತ್ರ "ಪೆಟ್ಟಿಗೆ ತುಂಬಿದೆ" ಎಂದು ತಿಳಿದು ಸುಮ್ಮನಿರುತ್ತದೆ. ಏನನ್ನೋ ಇಡುವಾಗ ಅದನ್ನು ಎತ್ತಿ ಮರೆತವರ ಪತ್ರಗಳು ನಮಗೆ ಬರುತ್ತಲೇ ಇರುತ್ತವೆ. ಫ್ರೀಜರ್ ಸುಮಾರು ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದೆಯೇ ಎಂಬುದನ್ನು ಒಂದು ಥರ್ಮಾಮೀಟರ್ ಇಟ್ಟು ಪರೀಕ್ಷಿಸಿ, ಏಕೆಂದರೆ ಅಚ್ಚಿನ ತಾಪಮಾನ ಸೊನ್ನೆಗಿಂತ ಸಾಕಷ್ಟು ಕೆಳಗೆ, ಸಾಮಾನ್ಯವಾಗಿ ಮೈನಸ್ 9ರ ಆಸುಪಾಸಿಗೆ ಇಳಿದಮೇಲೆಯೇ ತುಂಡುಗಳನ್ನು ಹೊರಹಾಕುವ ಮೋಟಾರ್ ತಿರುಗುತ್ತದೆ. ನೀರಿನ ಫಿಲ್ಟರ್ ಹಾಕಿ ಆರು ತಿಂಗಳು ದಾಟಿದ್ದರೆ ಅದನ್ನು ಬದಲಾಯಿಸಿ, ಅಥವಾ ಪರೀಕ್ಷೆಗೆಂದು ತಾತ್ಕಾಲಿಕವಾಗಿ ಅದರ ಜಾಗದಲ್ಲಿ ನೀರನ್ನು ನೇರವಾಗಿ ಹರಿಯಬಿಡುವ ಬೈಪಾಸ್ ಮುಚ್ಚಳವನ್ನು ಕೂರಿಸಿ ನೋಡಿ.

ಮುಂದಿನ ಪರೀಕ್ಷೆಗೆ ಒಂದು ಬಕೆಟ್ ಸಾಕು. ಫ್ರಿಜ್ಜಿನ ಪ್ಲಗ್ ತೆಗೆದು, ಗೋಡೆಯಲ್ಲಿರುವ ನೀರಿನ ವಾಲ್ವ್ ಮುಚ್ಚಿ, ಫ್ರಿಜ್ಜಿನ ಹಿಂಬದಿಗೆ ಸೇರುವ ಕೊಳವೆಯನ್ನು ಬಿಚ್ಚಿ ಅದರ ತುದಿಯನ್ನು ಬಕೆಟ್ಟಿಗೆ ಹಿಡಿದು ವಾಲ್ವ್ ತೆರೆಯಿರಿ. ನೀರು ರಭಸದಿಂದ ಬಂದರೆ ದೋಷ ಫ್ರಿಜ್ಜಿನೊಳಗೆ. ತೊಟ್ಟಿಕ್ಕಿದರೆ ಹೊರಗೆ, ಅಂದರೆ ಪ್ಲಂಬರ್ ಕೆಲಸ. ಬಹುತೇಕ ಕೈಪಿಡಿಗಳು ಕನಿಷ್ಠ 20ರಿಂದ 40 ಪಿಎಸ್‌ಐ ಒತ್ತಡ ಬೇಕೆನ್ನುತ್ತವೆ. ಮಾಳಿಗೆಯ ತೊಟ್ಟಿ ಮನೆಯ ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದ್ದರೂ ದೊರೆಯುವ ಒತ್ತಡ ಸುಮಾರು 14 ಪಿಎಸ್‌ಐ ಮಾತ್ರ. ಆ ಲೆಕ್ಕದಲ್ಲಿ ಬಹಳ ಮನೆಗಳಲ್ಲಿ ಒತ್ತಡ ಹೆಚ್ಚಿಸುವ ಸಣ್ಣ ಪಂಪಿಲ್ಲದೆ ಇಂಥ ಐಸ್ ಮೇಕರ್ ನೆಟ್ಟಗೆ ಕೆಲಸ ಮಾಡುವುದೇ ಇಲ್ಲ, ಘಟಕವನ್ನು ಎಷ್ಟು ಸಲ ಬದಲಾಯಿಸಿದರೂ ಅಷ್ಟೇ.

ಹೊರಗಿನ ನೀರು ಸರಿಯಾಗಿದ್ದರೆ ಒಳಗಿನ ಅನುಮಾನ ಎರಡು ಕಡೆ. ಒಂದು, ನೀರು ಒಳಬಿಡುವ ಸೊಲಿನಾಯ್ಡ್ ವಾಲ್ವ್; ಅದರ ಬಾಯಿಯ ಸಣ್ಣ ಜಾಲರಿ ಕಟ್ಟಿಕೊಂಡಿರುತ್ತದೆ ಅಥವಾ ಅದರ ಕಾಯಿಲ್ ಸುಟ್ಟಿರುತ್ತದೆ. ಇನ್ನೊಂದು, ಅಚ್ಚಿಗೆ ನೀರು ಸುರಿಯುವ ಕೊಳವೆಯಲ್ಲೇ ಮಂಜುಗಡ್ಡೆ ಕಟ್ಟಿ ದಾರಿ ಮುಚ್ಚಿರುತ್ತದೆ. ಕೊಳವೆ ಹಾಗೆ ಕಟ್ಟಿಕೊಳ್ಳಲು ವಾಲ್ವ್ ಪೂರ್ತಿ ಮುಚ್ಚದೆ ಹನಿಹನಿಯಾಗಿ ಸೋರುವುದೇ ಬಹಳ ಸಲ ಕಾರಣವಾಗಿರುತ್ತದೆ, ಹಾಗಾಗಿ ಕೊಳವೆಯನ್ನಷ್ಟೇ ಕರಗಿಸಿ ಹೋದರೆ ಕೆಲವೇ ವಾರಗಳಲ್ಲಿ ಮತ್ತೆ ಅದೇ ಕಥೆ. ಘಟಕ ಬದಲಾಯಿಸಬೇಕೆಂದವರನ್ನು "ವಾಲ್ವಿಗೆ ವಿದ್ಯುತ್ ಬರುತ್ತಿದೆಯೇ, ಮೀಟರಿನಲ್ಲಿ ನೋಡಿದಿರಾ? ಕೊಳವೆ ಕಟ್ಟಿದೆಯೇ?" ಎಂದು ಕೇಳಿ. ಎರಡಕ್ಕೂ ಉತ್ತರವಿಲ್ಲದಿದ್ದರೆ ಅವರು ಪರೀಕ್ಷೆ ಮಾಡಿಲ್ಲವೆಂದೇ ಅರ್ಥ. ವಾಲ್ವಿಗೆ ವಿದ್ಯುತ್ತೇ ಬರುತ್ತಿಲ್ಲವಾದರೆ ಆಗ ಘಟಕದ ಅಥವಾ ಬೋರ್ಡಿನ ಮಾತು ಬರುತ್ತದೆ, ಮತ್ತು ಬೋರ್ಡ್ ಆಗಿದ್ದಲ್ಲಿ ವಾಷಿಂಗ್ ಮಷಿನ್, ಎಸಿ ಮೊದಲಾದವುಗಳ ಬೋರ್ಡುಗಳನ್ನು ರಿಪೇರಿ ಮಾಡುವ ಎಲೆಕ್ಟ್ರಾನಿಕ್ಸ್ ಅಂಗಡಿಯವರನ್ನು ಒಮ್ಮೆ ಕೇಳದೆ ಹೊಸದಕ್ಕೆ ಹಣ ಕೊಡಬೇಡಿ.

ಪ್ರಶ್ನೆ: ಮೆಕ್ಯಾನಿಕ್ ಸಿಕ್ಕರು, ಬಂದು ಗ್ಯಾಸ್ ತುಂಬಿಸಿಯೂ ಹೋದರು. ಮೂರು ತಿಂಗಳಿಗೆ ಮತ್ತೆ ಅದೇ ತೊಂದರೆ. ಬಂದವರು ಕಸುಬು ತಿಳಿದವರೋ ಅಲ್ಲವೋ ಎಂಬುದನ್ನು ನಮ್ಮಂಥವರು ಗುರುತಿಸುವುದು ಹೇಗೆ?

ಉತ್ತರ: ಗ್ಯಾಸ್ ಎಂಬುದು ವಾಹನದ ಇಂಧನದಂತೆ ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಗಳೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರುವ ಜಾಗವನ್ನು ಹುಡುಕದೆ ತುಂಬಿಸಿದ ಗ್ಯಾಸ್ ತೂತು ಬಿದ್ದ ಕೊಡಕ್ಕೆ ಸುರಿದ ನೀರಿನಂತೆ.

ಕಸುಬು ತಿಳಿದವರ ಚೀಲವನ್ನು ನೋಡಿದರೇ ಅರ್ಧ ಗೊತ್ತಾಗುತ್ತದೆ. ಒತ್ತಡ ಅಳೆಯುವ ಗೇಜು, ಸಣ್ಣ ಡಿಜಿಟಲ್ ತಕ್ಕಡಿ ಮತ್ತು ವ್ಯಾಕ್ಯೂಮ್ ಪಂಪು, ಈ ಮೂರೂ ಇರಬೇಕು. ಮನೆಯ ಐಸ್ ಮೇಕರಿನಲ್ಲಿ ಇರುವ ಗ್ಯಾಸ್ ಕೆಲವು ಹತ್ತು ಗ್ರಾಂಗಳಷ್ಟೇ. ಅಷ್ಟು ಸಣ್ಣ ಪ್ರಮಾಣದಲ್ಲಿ ಐದು ಗ್ರಾಂ ಹೆಚ್ಚು ಕಡಿಮೆಯಾದರೂ ಐಸ್ ಕಟ್ಟುವ ರೀತಿ ಬದಲಾಗುವುದರಿಂದ ತಕ್ಕಡಿಯಿಲ್ಲದೆ ಕೈಯಂದಾಜಿನಲ್ಲಿ ತುಂಬಿಸುವುದು ಸಲ್ಲದು. ಸೋರಿಕೆಯನ್ನು ಸೋಪಿನ ನೊರೆ ಹಚ್ಚಿ ಅಥವಾ ನೈಟ್ರೋಜನ್ ಒತ್ತಡ ಕೊಟ್ಟು ಪತ್ತೆಮಾಡಿ, ಬೆಸುಗೆ ಹಾಕಿ, ಡ್ರೈಯರ್ ಬದಲಾಯಿಸಿ, ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ ಮತ್ತು ತೇವವನ್ನು ಪೂರ್ತಿ ಎಳೆದು, ಆಮೇಲೆ ಚೀಟಿಯಲ್ಲಿರುವಷ್ಟೇ ತೂಕದ ಗ್ಯಾಸನ್ನು ಬಿಡುವುದು ಸರಿಯಾದ ಕ್ರಮ. ಇಷ್ಟೆಲ್ಲವೂ ಕಾಲು ಗಂಟೆಯಲ್ಲಿ ಮುಗಿಯುವುದಿಲ್ಲ. ಕೊಳವೆಯ ಬೆಸುಗೆಯ ಸುತ್ತ ಎಣ್ಣೆಯ ಜಿಡ್ಡು ಕಾಣಿಸಿದರೆ ನೀವೇ ಬೆರಳಿಟ್ಟು ತೋರಿಸಿ. ಗ್ಯಾಸಿನೊಂದಿಗೆ ಸುತ್ತುವ ಎಣ್ಣೆ ಸೋರಿದ ಜಾಗದಲ್ಲಿ ಹೊರಬಂದಿರುತ್ತದೆ.

ಆರ್600ಎ ಎಂದರೆ ಐಸೊಬ್ಯೂಟೇನ್, ಹೊತ್ತಿಕೊಳ್ಳುವ ಅನಿಲ. ಅದಿರುವ ಯಂತ್ರದ ಮೇಲೆ ಬೆಂಕಿಯ ಚಿಹ್ನೆ ಇರುತ್ತದೆ. ಅದನ್ನು ಅಡುಗೆಮನೆಯಲ್ಲಿ ಒಲೆ ಉರಿಯುತ್ತಿರುವಾಗ ಬಿಚ್ಚಲು ಬಿಡಬೇಡಿ. ಅದರ ಬದಲು ಆರ್134ಎ ತುಂಬುತ್ತೇನೆ, ಎಲ್ಲವೂ ಒಂದೇ ಎನ್ನುವವರನ್ನು ಅಲ್ಲಿಗೇ ನಿಲ್ಲಿಸಿ. ಎರಡರ ಒತ್ತಡವೂ ಬೇರೆ, ಬೇಕಾದ ತೂಕವೂ ಬೇರೆ, ಕಂಪ್ರೆಸರೂ ಬೇರೆ.

ಇಲ್ಲಿ ನನ್ನದೇ ಒಂದು ಅನುಭವವನ್ನು ಹೇಳಬೇಕು. ನಮ್ಮ ಮನೆಯ ಕಟ್ಟೆಯ ಕೆಳಗೆ ಕೂರಿಸಿದ ಐಸ್ ಮೇಕರ್ ಒಮ್ಮೆ ತೀರಾ ನಿಧಾನವಾಯಿತು. ಒಬ್ಬರು ಬಂದು ಗ್ಯಾಸ್ ತುಂಬಿದರು. ಎರಡು ತಿಂಗಳ ನಂತರ ಇನ್ನೊಬ್ಬರು ಬಂದು ಮತ್ತೆ ತುಂಬಿದರು. ಮೂರನೆಯವರು ಆಸ್ಪತ್ರೆಯೊಂದರ ಶೀತಲ ಕೋಣೆಗಳನ್ನು ಬಹಳ ಕಾಲ ನೋಡಿಕೊಂಡಿದ್ದ ಹಿರಿಯರು. ಚೀಲವನ್ನು ಕೆಳಗಿಡುವ ಮೊದಲೇ ಯಂತ್ರದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಹೊರಬರುವ ಗಾಳಿಗೆ ಅಂಗೈಯೊಡ್ಡಿ, "ಉಸಿರೇ ಇಲ್ಲವಲ್ಲ" ಎಂದರು. ಮುಂಭಾಗದ ಜಾಲಿ ಕಳಚಿದಾಗ ಕಂಡೆನ್ಸರ್ ರೆಕ್ಕೆಗಳ ಮೇಲೆ ಕೂತಿದ್ದ ಧೂಳು ಕಂಬಳಿಯ ತುಂಡಿನ ಹಾಗೆ ಒಂದೇ ಹಾಳೆಯಾಗಿ ಎದ್ದುಬಂತು. ಬ್ರಷ್ ಆಡಿಸಿ, ಆಮೇಲೆ ಗೇಜು ಹಾಕಿ, ಹಿಂದಿನವರಿಬ್ಬರು ಹೆಚ್ಚಾಗಿ ತುಂಬಿದ್ದ ಗ್ಯಾಸನ್ನು ಸಿಲಿಂಡರಿಗೆ ಹೊರತೆಗೆದು, ತೂಕ ಹಾಕಿ ಹೊಸದಾಗಿ ತುಂಬಿದರು. ಅಂದಿನಿಂದ ನಾನು ಬಂದವರ ಮಾತಿಗಿಂತ ಅವರ ಕೈಯನ್ನು ನೋಡುತ್ತೇನೆ: ಮೊದಲು ಯಂತ್ರವನ್ನು ಮುಟ್ಟುತ್ತಾರೋ, ಮೊದಲು ಗ್ಯಾಸ್ ಕ್ಯಾನನ್ನು ಮುಟ್ಟುತ್ತಾರೋ ಎಂದು.

ನಿಮ್ಮ ವಿಷಯದಲ್ಲಿ ಮೂರೇ ತಿಂಗಳಾಗಿರುವುದರಿಂದ ಅದೇ ಮೆಕ್ಯಾನಿಕ್ಕನ್ನು ಮತ್ತೆ ಕರೆದು, ಸೋರಿಕೆ ಎಲ್ಲಿತ್ತು, ಡ್ರೈಯರ್ ಬದಲಾಯಿಸಿದ್ದರೇ, ಎಷ್ಟು ಗ್ರಾಂ ತುಂಬಿದ್ದರು ಎಂದು ಕೇಳಿ. ಮುಂದಿನ ಸಲ ಈ ಮೂರನ್ನೂ ರಸೀದಿಯಲ್ಲೇ ಬರೆಸಿಕೊಳ್ಳಿ. ತೆಗೆದ ಹಳೆಯ ಭಾಗವನ್ನು ನಿಮ್ಮ ಕೈಗೇ ಕೊಡಬೇಕೆಂದು ಕೆಲಸ ಶುರುವಾಗುವ ಮೊದಲೇ ಹೇಳಿಬಿಡಿ.

ಪ್ರಶ್ನೆ: ಅಂತರಜಾಲದಲ್ಲಿ ಹುಡುಕಿದಾಗ ಮೊದಲಿಗೇ ಸಿಕ್ಕ "ಗ್ರಾಹಕ ಸೇವೆ" ಸಂಖ್ಯೆಗೆ ಕರೆ ಮಾಡಿದೆ. ಬರುವ ಮೊದಲು ಮುಂಗಡ ಕಟ್ಟಬೇಕು, ಅದಕ್ಕಾಗಿ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಳ್ಳಿ ಎಂದರು. ಸರಿಯೇ?

ಉತ್ತರ: ಹಾಕಿಕೊಳ್ಳಬೇಡಿ. ಹುಡುಕಾಟದಲ್ಲಿ ಮೇಲೆ ಕಾಣುವ ಸಂಖ್ಯೆಗಳಲ್ಲಿ ಹಣ ಕೊಟ್ಟು ಹಾಕಿಸಿದ ಜಾಹೀರಾತುಗಳೂ ಮೋಸಗಾರರು ತೂರಿಸಿದವುಗಳೂ ಇರುತ್ತವೆ. ಆ ಆ್ಯಪ್ ನಿಮ್ಮ ಮೊಬೈಲಿನ ಪರದೆಯನ್ನು ಅವರಿಗೆ ತೋರಿಸುವಂಥದ್ದಾಗಿದ್ದರೆ ಬ್ಯಾಂಕಿನ ಒಟಿಪಿಯೂ ಅವರ ಕಣ್ಣಿಗೆ ಬೀಳುತ್ತದೆ. ಈಗಾಗಲೇ ಹಾಕಿಕೊಂಡಿದ್ದರೆ ಮೊಬೈಲಿನ ಇಂಟರ್ನೆಟ್ ಸಂಪರ್ಕ ಕಡಿದು, ಆ್ಯಪನ್ನು ತೆಗೆದುಹಾಕಿ, ಬೇರೊಂದು ಫೋನಿನಿಂದ ಬ್ಯಾಂಕಿಗೆ ತಿಳಿಸಿ. ತಯಾರಕರ ಸಂಖ್ಯೆಯನ್ನು ಯಂತ್ರದ ಮೇಲಿನ ಚೀಟಿ, ಕೈಪಿಡಿ ಅಥವಾ ವಾರಂಟಿ ಪತ್ರದಿಂದಲೇ ತೆಗೆದುಕೊಳ್ಳಬೇಕು. ವಾರಂಟಿ ಪತ್ರವನ್ನು ಹೇಗೂ ಕೈಗೆತ್ತಿಕೊಂಡಾಗ ಕಂಪ್ರೆಸರ್ ಕುರಿತ ಸಾಲನ್ನೂ ಓದಿ. ಇಡೀ ಯಂತ್ರದ ವಾರಂಟಿ ಮುಗಿದಿದ್ದರೂ ಕಂಪ್ರೆಸರಿನದು ಇನ್ನೂ ಕೆಲವು ವರ್ಷ ಉಳಿದಿರುವುದುಂಟು.

ಪ್ರಶ್ನೆ: ಮಂಜುಗಡ್ಡೆಯ ತುಂಡು ಕರಗಿದ ಮೇಲೆ ಲೋಟದ ತಳದಲ್ಲಿ ಬಿಳಿ ಪುಡಿ ನಿಲ್ಲುತ್ತದೆ, ತೊಟ್ಟಿಯ ಮೂಲೆಗಳಲ್ಲಿ ಗುಲಾಬಿ ಬಣ್ಣದ ಲೋಳೆಯೂ ಕಾಣಿಸುತ್ತದೆ. ಇದಕ್ಕೆ ಯಾವ ಮೆಕ್ಯಾನಿಕ್ಕನ್ನು ಕರೆಯಬೇಕು?

ಉತ್ತರ: ಸದ್ಯಕ್ಕೆ ಯಾರೂ ಬೇಡ. ಬಿಳಿ ಪುಡಿ ಗಡಸು ನೀರಿನ ಸುಣ್ಣ. ಲೋಳೆ ಬ್ಯಾಕ್ಟೀರಿಯಾಗಳದು, ಅದನ್ನು ತಡಮಾಡದೆ ತೆಗೆಯಬೇಕು. ಪ್ಲಗ್ ತೆಗೆದು, ನೀರು ಬಸಿದು, ತೊಟ್ಟಿಯನ್ನು ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಆಮೇಲೆ ಸಿಟ್ರಿಕ್ ಆಮ್ಲದ ತೆಳು ದ್ರಾವಣವನ್ನು ತುಂಬಿ, ಶುಚಿಗೊಳಿಸುವ ಗುಂಡಿ ಇದ್ದರೆ ಅದನ್ನು ಒತ್ತಿ ಒಂದು ಸುತ್ತು ಓಡಿಸಿ, ಶುದ್ಧ ನೀರಿನಲ್ಲಿ ಎರಡು ಮೂರು ಸಲ ಜಾಲಾಡಿಸಿ. ದೊಡ್ಡ ಯಂತ್ರಗಳಲ್ಲಿ ಐಸ್ ಕಟ್ಟುವ ತಟ್ಟೆಗೆ ನಿಕಲ್ ಲೇಪವಿದ್ದರೆ ಕೈಪಿಡಿ ಹೇಳಿದ ದ್ರಾವಣವನ್ನಷ್ಟೇ ಬಳಸಬೇಕು, ಇಲ್ಲವಾದರೆ ಲೇಪ ಏಳುತ್ತದೆ. ಆಮ್ಲದ ಜೊತೆಗೆ ಅಥವಾ ಅದರ ಬೆನ್ನಿಗೇ ಬ್ಲೀಚ್ ಸುರಿಯುವುದು ಬೇಡವೇ ಬೇಡ. ಎರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆ.

ಗಡಸು ನೀರನ್ನು ತಪ್ಪಿಸಲು ಕೆಲವರು ಪೂರ್ತಿ ಲವಣ ತೆಗೆದ ನೀರನ್ನು ತುಂಬುತ್ತಾರೆ. ನೀರಿನ ಮಟ್ಟವನ್ನು ವಿದ್ಯುತ್ ಹರಿಯುವಿಕೆಯಿಂದ ಅಳೆಯುವ ಕೆಲವು ಯಂತ್ರಗಳಿಗೆ ಅಂಥ ನೀರು ಕಾಣಿಸುವುದೇ ಇಲ್ಲ, ತೊಟ್ಟಿ ತುಂಬಿದ್ದರೂ "ನೀರು ಹಾಕಿ" ಎಂದು ದೀಪ ಹೊತ್ತಿಸುತ್ತವೆ. ಅದನ್ನು ಕಂಡು ಸೆನ್ಸರ್ ಬದಲಾಯಿಸಲು ಹೊರಟವರಿದ್ದಾರೆ. ಒಂದು ಲೋಟ ಸಾಮಾನ್ಯ ಕುಡಿಯುವ ನೀರು ಬೆರೆಸಿದಾಗ ದೀಪ ಆರಿದರೆ ಯಂತ್ರ ಸರಿಯಾಗಿಯೇ ಇದೆ.

ತೊಳೆದ ಮೇಲೆ ಬರುವ ಮೊದಲ ಎರಡು ಮೂರು ಬುಟ್ಟಿ ಮಂಜುಗಡ್ಡೆಯನ್ನು ಚೆಲ್ಲಿಬಿಡಿ. ಮತ್ತೆ ಕೆಲವೇ ವಾರಗಳಲ್ಲಿ ಬಿಳಿ ಪುಡಿ ಮರಳಿದರೆ ನೀರು ಶುದ್ಧೀಕರಣ ಯಂತ್ರದವರನ್ನು ಕರೆದು ನೀರಿನ ಗಡಸುತನವನ್ನು ಪರೀಕ್ಷಿಸಲು ಹೇಳಿ. ಫ್ರಿಜ್ ಮೆಕ್ಯಾನಿಕ್ಕಿಗೆ ಅದರಲ್ಲಿ ಕೆಲಸವಿಲ್ಲ.